ನೆಲದಲ್ಲಿ ಕಾಲು, ಬಾನಿನಲ್ಲಿ ಕಣ್ಣು

ಗದುಗಿನ ಭಾರತವನ್ನು ಓದಿಸಿ ಕೇಳಿದ ನಮ್ಮ ನಾಡಿನಲ್ಲಿ ಸಂಜಯನನ್ನು ಅರಿಯದ ಮನೆ ವಿರಳ. ಕುರುಕ್ಷೇತ್ರದ ಯುದ್ಧವನ್ನು ದೂರದಿಂದಲೇ ಕಂಡು, ಕಣ್ಣಿಲ್ಲದ ಧೃತರಾಷ್ಟ್ರನಿಗೆ ಬಣ್ಣಿಸಿ ಹೇಳಿದವನು ಅವನು. ಬಾನುಲಿಯಲ್ಲಿ ಆಟದ ವಿವರಣೆಯನ್ನು ಕೇಳುವಾಗ ಅವನ ಹೆಸರು ನೆನಪಾಗುವುದು ಸಹಜವೇ. ಆದರೆ ಸಂಜಯನಿಗೆ ಒಂದು ಮಿತಿಯಿತ್ತು. ಅವನ ಕಣ್ಣು ರಣರಂಗಕ್ಕೆ ಹೋಯಿತು, ಕೈ ಹೋಗಲಿಲ್ಲ. ಹಾರಿ ಬರುವ ಒಂದು ಬಾಣವನ್ನಾದರೂ ಅತ್ತಿತ್ತ ಸರಿಸಲು ಅವನು ಶಕ್ತನಾಗಿರಲಿಲ್ಲ. ಆದುದರಿಂದಲೇ ಆ ಯುದ್ಧದ ಪಾಪಪುಣ್ಯಗಳಲ್ಲಿ ಅವನಿಗೆ ಪಾಲಿಲ್ಲವೆಂದು ನಾವು ತಿಳಿಯುತ್ತೇವೆ.

ಈಗ ಕಣ್ಣಿನ ಹಿಂದೆ ಕೈಯನ್ನೂ ಕಳುಹಿಸುವ ಆಟಿಕೆಯೊಂದು ನಮ್ಮ ಸೀಮೆಯ ಹೊಲಗಳ ಮೇಲೆ ಹಾರತೊಡಗಿದೆ. ಗೇಣುದ್ದದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಮುಚ್ಚು ಕನ್ನಡಕವನ್ನು ಕಟ್ಟಿಕೊಂಡು, ತರುಣನೊಬ್ಬನು ಬದುವಿನ ಮೇಲೆ ಕುಳಿತಿರುತ್ತಾನೆ. ಅವನ ಪುಟ್ಟ ವಿಮಾನವು ಅರ್ಧ ಮೈಲಿ ಆಚೆ, ತೆಂಗಿನ ಮರಕ್ಕಿಂತ ಎತ್ತರದಲ್ಲಿ ಸುತ್ತುತ್ತಿರುತ್ತದೆ. ವಿಮಾನದ ಮೂಗಿನಲ್ಲಿರುವ ಕ್ಯಾಮರಾ ಕಂಡದ್ದನ್ನೆಲ್ಲ ಅವನು ಆ ಕ್ಷಣದಲ್ಲಿಯೇ ಕಾಣುತ್ತಾನೆ. ತಾನೇ ಅದರೊಳಗೆ ಕುಳಿತಂತೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾನೆ. ಬಲ್ಲವರು ಇದನ್ನು ಎಫ್‌.ಪಿ.ವಿ. ಎನ್ನುತ್ತಾರೆ. ಹಾರುವವನ ಕಣ್ಣಿನಿಂದಲೇ ನೋಡುತ್ತ ಹಾರಿಸುವುದು ಎಂದು ಅದರ ತಾತ್ಪರ್ಯ. ಈ ಆಟ ಹೇಗೆ ಬಂತು, ಎಲ್ಲಿಂದ ಬಂತು, ಬಂದ ಮೇಲೆ ನಮ್ಮ ಮೇಲೆ ಯಾವ ಹೊಣೆಯನ್ನು ಹೊರಿಸಿತು ಎಂಬುದೇ ಈ ಲೇಖನದ ವಿಷಯ.

ಇದು ಒಂದೇ ಕಾಲದಲ್ಲಿ ಹುಟ್ಟಿದ ವಸ್ತುವಲ್ಲ. ಕಣ್ಣನ್ನು ಮೇಲಕ್ಕೆ ಏರಿಸುವುದು, ಕೈಯನ್ನು ದೂರಕ್ಕೆ ಚಾಚುವುದು, ಏರಿದ ಕಣ್ಣು ಕಂಡದ್ದನ್ನು ತತ್‌ಕ್ಷಣ ಕೆಳಗಿಳಿಸುವುದು, ಹೀಗೆ ಮೂರು ವಿದ್ಯೆಗಳು ಬೇರೆ ಬೇರೆ ಬೆಳೆದು ಕೊನೆಗೆ ತ್ರಿವೇಣಿಯಂತೆ ಕೂಡಿಕೊಂಡವು.

ಮೊದಲನೆಯದು ಕಣ್ಣನ್ನು ಏರಿಸುವ ವಿದ್ಯೆ. ಪ್ಯಾರಿಸಿನ ನಾದಾರ್ ಎಂಬ ಛಾಯಾಗ್ರಾಹಕನು 1858ರಲ್ಲಿ ಬಲೂನಿನಲ್ಲಿ ಏರಿ ಕೆಳಗಿನ ನೆಲದ ಚಿತ್ರವನ್ನು ತೆಗೆದನು. ಆದರೆ ಅಲ್ಲಿ ಕ್ಯಾಮರಾದ ಜೊತೆಗೆ ಮನುಷ್ಯನೂ ಏರಬೇಕಾಗಿತ್ತು. 1888ರಲ್ಲಿ ಫ್ರಾನ್ಸ್ ದೇಶದವನೇ ಆದ ಆರ್ಥರ್ ಬಾತ್ಯೂ ಎಂಬವನು ಗಾಳಿಪಟಕ್ಕೆ ಕ್ಯಾಮರಾ ಕಟ್ಟಿ ಏರಿಸಿದನು. ನಿಧಾನವಾಗಿ ಉರಿಯುವ ಬತ್ತಿಯೊಂದು ತಕ್ಕ ವೇಳೆಗೆ ಕ್ಯಾಮರಾದ ಕಣ್ಣನ್ನು ತೆರೆಸುವ ಯುಕ್ತಿ ಅವನದು. ಕಾರಹುಣ್ಣಿಮೆಯ ಗಾಳಿಗೆ ಪಟ ಬಿಟ್ಟು ಬೆಳೆದ ನಮಗೆ ಇದು ಬಹಳ ಹತ್ತಿರದ ಸಂಗತಿಯಾಗಿ ತೋರುತ್ತದೆ. ಜರ್ಮನಿಯ ಯೂಲಿಯುಸ್ ನ್ಯೂಬ್ರೊನರ್ ಎಂಬ ಔಷಧ ವ್ಯಾಪಾರಿಯಂತೂ ಔಷಧ ಸಾಗಿಸುವ ತನ್ನ ಪಾರಿವಾಳಗಳ ಎದೆಗೇ ಚಿಕ್ಕ ಕ್ಯಾಮರಾ ಕಟ್ಟಿದನು. 1908ರಲ್ಲಿ ಅವನಿಗೆ ಅದರ ಪೇಟೆಂಟು ದೊರೆಯಿತು. ಇವೆಲ್ಲವುಗಳಲ್ಲಿ ಒಂದು ಕೊರತೆ ಸಮಾನವಾಗಿತ್ತು. ಬಾನಿನಲ್ಲಿ ಏನು ಕಂಡಿತೆಂಬುದು ಕ್ಯಾಮರಾ ಕೆಳಗಿಳಿದು ಚಿತ್ರವನ್ನು ತೊಳೆದ ಮೇಲೆಯೇ ತಿಳಿಯುತ್ತಿತ್ತು. ಪಾರಿವಾಳಕ್ಕೆ ಎಡಕ್ಕೆ ತಿರುಗು ಎಂದು ಹೇಳುವ ಉಪಾಯವೂ ಇರಲಿಲ್ಲ.

ಎರಡನೆಯದು ಕೈಯನ್ನು ಚಾಚುವ ವಿದ್ಯೆ. ಇದಕ್ಕೆ ಮೂಲ ನಿಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹಾಡುವ ಬಾನುಲಿಯ ತರಂಗವೇ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ, ತಂತಿಯಿಲ್ಲದೆ ಕೇವಲ ವಿದ್ಯುತ್ತರಂಗಗಳ ಅಪ್ಪಣೆಯಂತೆ ನೀರಿನಲ್ಲಿ ತಿರುಗುವ ಪುಟ್ಟ ದೋಣಿಯನ್ನು ತೋರಿಸಿದನು. 1917ರಲ್ಲಿ ಇಂಗ್ಲೆಂಡಿನ ಆರ್ಚಿಬಾಲ್ಡ್ ಲೋ ಎಂಬವನು ಅದೇ ತತ್ತ್ವವನ್ನು ಚಾಲಕನಿಲ್ಲದ ವಿಮಾನಕ್ಕೆ ಅಳವಡಿಸಿದನು. ಅದು ಸ್ವಲ್ಪ ಹೊತ್ತು ಅಂಕೆಯಲ್ಲಿದ್ದು ನೆಲಕ್ಕೆ ಬಿದ್ದಿತು. ಆದರೂ ದಾರಿ ತೆರೆಯಿತು. 1935ರಲ್ಲಿ ಇಂಗ್ಲೆಂಡಿನಲ್ಲಿ 'ಕ್ವೀನ್ ಬೀ', ಅಂದರೆ ರಾಣಿಜೇನು, ಎಂಬ ವಿಮಾನ ಸಿದ್ಧವಾಯಿತು. ತೋಪುಗಾರರು ಗುರಿಯನ್ನು ಅಭ್ಯಾಸ ಮಾಡಲೆಂದು ಅದನ್ನು ನೆಲದಿಂದಲೇ ಹಾರಿಸುತ್ತಿದ್ದರು. ಇಂದು ಎಲ್ಲರ ಬಾಯಲ್ಲಿರುವ 'ಡ್ರೋನ್' ಎಂಬ ಮಾತಿಗೆ ಗಂಡುಜೇನು ಎಂದು ಅರ್ಥ. ಆ ರಾಣಿಜೇನಿನ ಬಳಗದಿಂದಲೇ ಈ ಹೆಸರು ಹುಟ್ಟಿತೆಂದು ಹೇಳುವುದುಂಟು.

ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಅದೇ 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಚಿಕ್ಕದೊಂದು ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಸುಂದರ ನಾಮಧೇಯ ಮೊದಲು ಪ್ರಸಿದ್ಧಿಗೆ ಬಂದದ್ದು ಅಲ್ಲಿ. ಒಂದೇ ವಿದ್ಯೆ ಅಲ್ಲಿ ತೋಪಿಗೆ ಗುರಿಯಾಯಿತು, ಇಲ್ಲಿ ಸಂಗೀತಕ್ಕೆ ವಾಹನವಾಯಿತು. ತರಂಗಕ್ಕೆ ತನ್ನದೇ ಗುಣವೆಂಬುದು ಇಲ್ಲ, ಗುಣವೆಲ್ಲ ಕಳುಹಿಸುವವನದು.

ಯುದ್ಧದ ಸಾಧನವನ್ನು ಆಟಿಕೆಯನ್ನಾಗಿ ಮಾಡಿದವರಲ್ಲಿ ಅಮೇರಿಕೆಯ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಅಗ್ರಗಣ್ಯರು. ಸುಮಾರು 8 ಅಡಿ ಅಗಲದ ರೆಕ್ಕೆಗಳುಳ್ಳ 'ಗಫ್' ಎಂಬ ಅವರ ಮಾದರಿ ವಿಮಾನವು 1937ರಲ್ಲಿ ಬಾನುಲಿಯ ಅಂಕೆಯಲ್ಲಿ ಹಾರಿತು. 1938ರಲ್ಲಿ ಆ ದೇಶದ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿತು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅಲ್ಲಿಂದ ಮುಂದೆ ಅನೇಕ ದಶಕಗಳ ಕಾಲ ಹವ್ಯಾಸಿಗಳು ನೆಲದಲ್ಲಿ ನಿಂತು, ತಲೆಯೆತ್ತಿ ನೋಡುತ್ತ ತಮ್ಮ ವಿಮಾನಗಳನ್ನು ಹಾರಿಸಿದರು. ಕೈ ಬಾನಿಗೆ ಹೋಗಿತ್ತು. ಕಣ್ಣು ನೆಲದಲ್ಲಿಯೇ ಉಳಿದಿತ್ತು.

ಮೂರನೆಯದು, ಏರಿದ ಕಣ್ಣಿನ ನೋಟವನ್ನು ತತ್‌ಕ್ಷಣ ಇಳಿಸುವ ವಿದ್ಯೆ. ಟೆಲಿವಿಷನ್ನಿನ ನಿರ್ಮಾತೃಗಳಲ್ಲಿ ಒಬ್ಬನಾದ ವ್ಲಾಡಿಮಿರ್ ಝ್ವೊರಿಕಿನ್ 1934ರಲ್ಲಿಯೇ, ಹಾರುವ ಅಸ್ತ್ರಕ್ಕೆ ವಿದ್ಯುತ್ತಿನ ಕಣ್ಣನ್ನು ಇಡಬಹುದೆಂದು ಸೂಚಿಸಿದ್ದನು. ಹತ್ತು ವರ್ಷಗಳ ತರುವಾಯ ಅದು ನಿಜವಾಯಿತು. 1944ರಲ್ಲಿ ಅಮೇರಿಕೆಯ ನೌಕಾಪಡೆಯವರು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಕಡೆಯಲ್ಲಿ ಟಿ.ಡಿ.ಆರ್. ಎಂಬ ಚಾಲಕರಹಿತ ವಿಮಾನಗಳನ್ನು ಜಪಾನೀಯರ ನೆಲೆಗಳ ಮೇಲೆ ಕಳುಹಿಸಿದರು. ಅವುಗಳ ಮೂಗಿನಲ್ಲಿ ಟೆಲಿವಿಷನ್ ಕ್ಯಾಮರಾ ಇತ್ತು. ಬಹು ಹಿಂದೆ ಬರುತ್ತಿದ್ದ ಇನ್ನೊಂದು ವಿಮಾನದಲ್ಲಿ ಕುಳಿತವನು ಸಣ್ಣ ಪರದೆಯನ್ನು ನೋಡುತ್ತ ಅದನ್ನು ಗುರಿಯ ಕಡೆಗೆ ನಡೆಸುತ್ತಿದ್ದನು. ಅಸ್ತ್ರ ಗುರಿಯನ್ನು ಮುಟ್ಟುವ ಕೊನೆಯ ಕ್ಷಣದವರೆಗೂ ಅವನಿಗೆ ಎಲ್ಲವೂ ಕಾಣುತ್ತಿತ್ತು, ಅವನ ಮೈಗೆ ಮಾತ್ರ ಏನೂ ತಗಲುತ್ತಿರಲಿಲ್ಲ. ಸಂಜಯನ ಕಣ್ಣಿಗೆ ಕೈ ಮೂಡಿದ್ದು ಹೀಗೆ, ಮತ್ತೆ ರಣರಂಗದಲ್ಲಿಯೇ.

ಇನ್ನು ನಮ್ಮ ನಾಡಿನ ಮಾತು. ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ರೂಪಿಸಿದ 'ಲಕ್ಷ್ಯ' ಎಂಬ ಚಾಲಕರಹಿತ ಗುರಿವಿಮಾನವು 1985ರಲ್ಲಿ ಮೊದಲು ಹಾರಿತು. 2000ದಲ್ಲಿ ವಾಯುಸೇನೆಯನ್ನು ಸೇರಿತು. ಕೆಲಸ ಮುಗಿದ ಮೇಲೆ ಅದು ಕೊಡೆ ಬಿಚ್ಚಿಕೊಂಡು ಇಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಂತಹ ವಿಮಾನಗಳ ಪರೀಕ್ಷೆಗಾಗಿಯೇ ಒಂದು ನೆಲೆಯಿದೆ. ಅಲ್ಲಿ 2016ರ ನವೆಂಬರಿನಲ್ಲಿ 'ತಪಸ್' ಎಂಬ ದೊಡ್ಡ ಚಾಲಕರಹಿತ ವಿಮಾನವು ಮೊದಲು ಹಾರಿತು. ಅದೇ ಬಗೆಯ ವಿಮಾನವೊಂದು 2023ರ ಆಗಸ್ಟ್ 20ರಂದು ಪರೀಕ್ಷೆಯ ವೇಳೆಯಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಹೊಲದಲ್ಲಿ ಬಿದ್ದಿತು. ಹೊಸ ವಿದ್ಯೆಯಲ್ಲಿ ಇಂತಹವು ನಡೆಯುತ್ತವೆ. ಅದನ್ನು ಹಳಿಯುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಬಾನು ಬರಿದಾಗಿ ಕಂಡರೂ ಅದರ ಕೆಳಗೆ ಯಾರದೋ ಒಂದು ಹೊಲ ಇದ್ದೇ ಇರುತ್ತದೆ ಎಂಬುದನ್ನು ಮಾತ್ರ ಇದರಿಂದ ತಿಳಿಯಬೇಕು.

ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿದ್ದ ಈ ವಿದ್ಯೆ ಬದುವಿನ ಮೇಲೆ ಕುಳಿತ ತರುಣನಿಗೆ ಹೇಗೆ ದಕ್ಕಿತು? ಈ ಶತಮಾನದ ಆರಂಭದಿಂದ ಕ್ಯಾಮರಾ ಉಗುರಿನಷ್ಟಾಯಿತು. ಮೊಬೈಲ್ ಫೋನುಗಳಿಂದಾಗಿ ಹಗುರವಾದ ಲಿಥಿಯಂ ಬ್ಯಾಟರಿಗಳೂ ದಿಕ್ಕನ್ನು ಅರಿಯುವ ಸೂಕ್ಷ್ಮ ಸಾಧನಗಳೂ ಅಗ್ಗವಾದವು. ಥರ್ಮಾಕೋಲಿನಂತಹ ಹಗುರ ವಸ್ತುವಿನ ರೆಕ್ಕೆ, ಅದನ್ನು ತಿರುಗಿಸುವ ಪುಟ್ಟ ಮೋಟಾರುಗಳು, ಒಂದು ಗ್ರಾಹಕ, ಒಂದು ಚಿತ್ರಪ್ರೇಷಕ, ಇಷ್ಟು ಇದ್ದರೆ ವಿಮಾನ ಸಿದ್ಧ.

ಬಾನುಲಿಯ ಮನೆಯವರಾದ ನಿಮಗೆ ಇದರ ತರಂಗಗಳ ವಿಚಾರ ಸುಲಭವಾಗಿ ಗ್ರಾಹ್ಯವಾದೀತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರವನ್ನು ನಾವು 765 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರು. ಆ ತರಂಗದ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ತರಂಗವು ನೆಲವನ್ನು ಅನುಸರಿಸಿ, ದಿಬ್ಬವನ್ನು ಬಳಸಿ, ಗೋಡೆಯನ್ನು ದಾಟಿ ಬರುತ್ತದೆ. ಈ ಆಟದ ವಿಮಾನಕ್ಕೆ ಅಪ್ಪಣೆ ಹೋಗುವುದು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ, ಅದರ ತರಂಗದ ಉದ್ದ 12.5 ಸೆಂಟಿಮೀಟರ್. ಚಿತ್ರ ಬರುವುದು ಬಹುಮಟ್ಟಿಗೆ 5.8 ಗಿಗಾಹರ್ಟ್ಸ್‌ನಲ್ಲಿ, ಅದರ ಉದ್ದ ಸುಮಾರು 5 ಸೆಂಟಿಮೀಟರ್, ಅಂದರೆ ಒಂದು ಬ್ಯಾಡಗಿ ಮೆಣಸಿನಕಾಯಿಗಿಂತ ಕಡಿಮೆ. ಇಷ್ಟು ಗಿಡ್ಡ ತರಂಗ ಹುಣಸೆಯ ಮರವನ್ನಾಗಲಿ ಮಣ್ಣಿನ ಗೋಡೆಯನ್ನಾಗಲಿ ಬಳಸಿ ಬರಲಾರದು. ಗುಂಪು ಮರಗಳ ಹಿಂದೆ ವಿಮಾನ ಇಳಿದರೆ ಚಿತ್ರ ಮಂಜಾಗಿ ಕಡಿದುಹೋಗುತ್ತದೆ. ಆಗ ಕನ್ನಡಕ ಕಟ್ಟಿಕೊಂಡವನು ನಿಜವಾಗಿ ಕುರುಡನೇ ಸರಿ. ಚಿತ್ರ ಬರುವುದು ತುಸು ತಡವಾದರೂ ಅಪಾಯ ತಪ್ಪಿದ್ದಲ್ಲ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನವು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ಅವನು ಕಾಣುವುದು ಎರಡು ಮೀಟರ್ ಹಿಂದಿನ ಜಗತ್ತು. ಪಂಪ್‌ಸೆಟ್ಟುಗಳಿಗೆ ಹೋಗುವ ವಿದ್ಯುತ್ ತಂತಿಗಳಂತೂ ಪರದೆಯಲ್ಲಿ ಕಾಣುವುದೇ ಕಷ್ಟ.

ಇಂತಹ ಕಣ್ಣೊಂದು ಗುತ್ತಲದ ಮೇಲೆ ಏರಿದರೆ ಏನು ಕಂಡೀತು? ಹಾವೇರಿಯಿಂದ ಮೂಡಲಿಗಿರುವ ಈ ಊರು ಒಂದು ಕಾಲದಲ್ಲಿ ಗುತ್ತವೊಳಲೆನಿಸಿ, 12 ಮತ್ತು 13ನೆಯ ಶತಮಾನಗಳಲ್ಲಿ ಆಳಿದ ಗುತ್ತ ಅರಸರ ರಾಜಧಾನಿಯಾಗಿತ್ತು. ಉಜ್ಜಯಿನಿಯ ಗುಪ್ತರ ಕುಲದವರೆಂದು ಅವರು ತಮ್ಮನ್ನು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿ ಅವರ ಕಾಲದ ಶಾಸನಗಳಿವೆ. ವರದಾ ಮತ್ತು ತುಂಗಭದ್ರೆಗಳು ಕೂಡುವ ಗಳಗನಾಥವೂ ಇದೇ ಸೀಮೆಯದು. ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಹೇಳುತ್ತಾರೆ. ಅಳೆಯುವ ಕೋಲಿಗೆ ಗಳೆಯೆಂದು ಹೆಸರು. ಮೇರೆಯನ್ನು ಹೇಳುವ ರೀತಿಯೋ, ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಕೆರೆ, ಪಡುವಲಿಗೆ ಇಂಥ ಮರ ಎಂದು. ಇದು ಕಾಲಿನಿಂದ ನಡೆದು ಕಂಡವರ ಬರಹ. ಬರೆದವನೂ ಒಪ್ಪಿದವನೂ ಸಾಕ್ಷಿಯಾದವನೂ ಆ ಮೇರೆಯನ್ನು ಸುತ್ತಿ ಬಂದಿರುತ್ತಿದ್ದರು.

ಆಮೇಲೆ ಆಂಗ್ಲರ ಕಾಲದಲ್ಲಿ, 1840ರ ದಶಕದಲ್ಲಿ, ಧಾರವಾಡ ಜಿಲ್ಲೆಯ ಮೋಜಣಿ ಆರಂಭವಾಯಿತು. ಅದರ ಸರಪಳಿಯ ಉದ್ದ 33 ಅಡಿ. ಆ ಸರಪಳಿಯ ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಕಂದಾಯಕ್ಕಾಗಿ ನಡೆದ ಆ ಅಳತೆಯಲ್ಲಿ ಹೊಲಗಳಿಗೆ ನಂಬರು ಬಿದ್ದವು. ಜನ ವಾಸಿಸುವ ಗ್ರಾಮಠಾಣಾ ಪ್ರದೇಶವು ಮನೆಮನೆಯ ಅಳತೆಯಿಲ್ಲದೆ ಉಳಿಯಿತು. ತಾತ ಮುತ್ತಾತಂದಿರ ಮನೆಯಲ್ಲಿಯೇ ಹುಟ್ಟಿ ಬೆಳೆದವನ ಬಳಿಯೂ ಆ ಮನೆಗೆ ತಕ್ಕ ನಕ್ಷೆಯಿಲ್ಲ, ಕಾಗದವಿಲ್ಲ. ಹಿತ್ತಲಿನ ಒಂದು ಮೊಳ ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆದದ್ದನ್ನು ನೀವೂ ಕಂಡಿರಬೇಕು. ಈ ಕೊರತೆಯನ್ನು ತುಂಬಲು 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರವು 'ಸ್ವಾಮಿತ್ವ' ಯೋಜನೆಯನ್ನು ಆರಂಭಿಸಿತು. ಭಾರತೀಯ ಸರ್ವೇಕ್ಷಣ ಇಲಾಖೆಯು ಡ್ರೋನುಗಳಿಂದ ಹಳ್ಳಿಯ ಮನೆಗಳ ಚಿತ್ರ ತೆಗೆದು ನಕ್ಷೆ ಮಾಡುವುದು ಅದರ ಕ್ರಮ. ಅದೇ ವರ್ಷದ ಅಕ್ಟೋಬರ್ 11ರಂದು 763 ಹಳ್ಳಿಗಳ ಜನರಿಗೆ ಮೊದಲ ಆಸ್ತಿಪತ್ರಗಳು ದೊರೆತವು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳು ಎರಡು.

'ವಿಮಾನ' ಎಂಬ ಶಬ್ದದ ಧಾತುವನ್ನು ಬಿಡಿಸಿದರೆ ಅಳೆಯುವುದು ಎಂಬ ಅರ್ಥ ಹೊರಡುತ್ತದೆ. ಅಳೆಯುವ ಈ ಹೊಸ ವಿಮಾನ ಆ ಅರ್ಥವನ್ನು ಸಾರ್ಥಕಗೊಳಿಸಿದೆಯೆನ್ನಬಹುದು. ಆದರೆ ಈ ಕೆಲಸದಲ್ಲಿಯೂ ಡ್ರೋನ್ ಏರುವ ಮುನ್ನ ಮನೆಗಳ ಮೇರೆಯನ್ನು ನೆಲದ ಮೇಲೆ ಸುಣ್ಣದಿಂದ ಗುರುತಿಸುತ್ತಾರೆ. ನಕ್ಷೆಯಾದ ಮೇಲೆ ಜನರ ತಕರಾರುಗಳನ್ನು ಕೇಳುತ್ತಾರೆ. ಗೋಡೆ ಎಲ್ಲಿದೆಯೆಂದು ಬಾನಿನ ಕಣ್ಣು ಹೇಳಬಲ್ಲುದು. ಗೋಡೆ ಯಾರದೆಂದು ಹೇಳಲು ನೆಲದ ನಾಲಿಗೆಯೇ ಬೇಕು.

ಸರಕಾರದ ಅಳತೆಗೆ ಕೇಳುವ ಕ್ರಮವಿದೆ. ಆಟಕ್ಕೆ? ಈಚಿನ ಒಂದು ಸುಗ್ಗಿಯಲ್ಲಿ ನಮ್ಮ ಕಡೆಯ ಹೊಲವೊಂದರಲ್ಲಿ ಹೆಣ್ಣುಮಕ್ಕಳು ಮೆಣಸಿನಕಾಯಿ ಬಿಡಿಸುತ್ತಿದ್ದರು. ತಲೆಯ ಮೇಲೆ ಗುಂಯ್ ಎಂದು ವಿಮಾನ ಬಂದಿತು. ಕೆಲವರು ಸೆರಗನ್ನು ತಲೆಗೆ ಎಳೆದುಕೊಂಡರು. ಬದುವಿನಲ್ಲಿ ಕನ್ನಡಕ ಕಟ್ಟಿ ಕುಳಿತ ಹುಡುಗನನ್ನು ಮುದುಕಿಯೊಬ್ಬಳು ಕೇಳಿದಳು: "ಏನೋ ತಮ್ಮಾ, ಅದು ನಮ್ಮನ್ನ ನೋಡಾಕತ್ತೈತೋ, ನೀ ನೋಡಾಕತ್ತೀಯೋ?" ಹುಡುಗ ಕನ್ನಡಕ ತೆಗೆದು, "ನಾನಽ ಯವ್ವಾ" ಎಂದನು. "ಹಂಗಾದ್ರ ನಮ್ಮನ್ನ ಕೇಳಿ ಹಾರಸಬೇಕಲ್ಲಪಾ" ಎಂದು ಅವಳು ಮತ್ತೆ ಬಗ್ಗಿ ಕಾಯಿ ಬಿಡಿಸತೊಡಗಿದಳು. ಈ ವಿಷಯದ ಕುರಿತು ಶಾಸನಕರ್ತರು ಅನೇಕ ಪುಟಗಳಲ್ಲಿ ಹೇಳುವ ಸಾರವೆಲ್ಲ ಆ ಎರಡು ಮಾತುಗಳಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಶಾಸನವೂ ಇದೇ ದಾರಿಯಲ್ಲಿ ನಡೆದಿದೆ. ಒಂದು ಕಾಲದಲ್ಲಿ 1933ರ ಕಾಯಿದೆಯ ಪ್ರಕಾರ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಾಗಿತ್ತು. ವರ್ಷವರ್ಷವೂ ಅಂಚೆಯ ಕಚೇರಿಗೆ ಹೋಗಿ ಹಣ ಕಟ್ಟಿದ್ದು ಹಿರಿಯರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಆ ಕಟ್ಟಳೆ ಹೋಯಿತು. ಡ್ರೋನುಗಳ ಕತೆಯೂ ಹಾಗೆಯೇ. 2014ರ ಅಕ್ಟೋಬರಿನಲ್ಲಿ ನಾಗರಿಕರು ಇವನ್ನು ಹಾರಿಸಲೇಬಾರದೆಂದು ಪ್ರಕಟಣೆ ಹೊರಟಿತು. 2018ರಲ್ಲಿ ಬಿಗಿಯಾದ ನಿಯಮಗಳು ಬಂದವು. 2021ರ ಆಗಸ್ಟಿನ ಡ್ರೋನ್ ನಿಯಮಗಳು ಅವನ್ನು ಸಡಿಲಿಸಿದವು. ಇವುಗಳ ಪ್ರಕಾರ 250 ಗ್ರಾಂವರೆಗಿನವನ್ನು ಹಾರಿಸಲು ಚಾಲಕನ ಲೈಸೆನ್ಸ್ ಬೇಡ. 2 ಕಿಲೋಗ್ರಾಂವರೆಗಿನವನ್ನು ವ್ಯಾಪಾರಕ್ಕಲ್ಲದೆ ಹಾರಿಸುವುದಕ್ಕೂ ಬೇಡ. ನಕ್ಷೆಯಲ್ಲಿ ಹಸಿರೆಂದು ತೋರಿಸಿದ ಪ್ರದೇಶದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು. ಆಟಕ್ಕೂ ಕಲಿಕೆಗೂ ಇರುವ ಮಾದರಿ ವಿಮಾನದ ಲಕ್ಷಣವನ್ನು ಹೇಳುವಾಗ, ಅದು ಹಾರಿಸುವವನ ದೃಷ್ಟಿಗೆ ನೇರವಾಗಿ ನಿಲುಕುವಷ್ಟರಲ್ಲಿಯೇ ಇರಬೇಕೆಂದು ಆ ನಿಯಮಗಳು ಹೇಳುತ್ತವೆ.

ಕಣ್ಣಿಗೆ ಪರದೆ ಕಟ್ಟಿಕೊಂಡವನಿಗೆ ಇದು ಹೇಗೆ ಸಾಧ್ಯ? ಅನೇಕ ದೇಶಗಳ ಹವ್ಯಾಸಿಗಳು ಇದಕ್ಕೆ ಒಂದು ಉಪಾಯವನ್ನು ರೂಢಿಗೆ ತಂದಿದ್ದಾರೆ. ಹಾರಿಸುವವನ ಪಕ್ಕದಲ್ಲಿ ಇನ್ನೊಬ್ಬನು ಬರಿಗಣ್ಣಿನಿಂದ ವಿಮಾನವನ್ನೂ ಸುತ್ತಲಿನ ನೆಲವನ್ನೂ ನೋಡುತ್ತ ನಿಂತಿರಬೇಕು. ಹದ್ದು ಬಂತು, ತಂತಿಯಿದೆ, ಕೆಳಗೆ ಜನರಿದ್ದಾರೆ ಎಂದು ಆಗಾಗ ಹೇಳುತ್ತಿರಬೇಕು. ಇಲ್ಲಿ ನೋಡುವವನಿಗೇ ಒಬ್ಬ ಸಂಜಯನು ಬೇಕಾದನು!

ಆದುದರಿಂದ ವಾಚಕರೇ, ನಿಮ್ಮ ಮನೆಯ ಮಕ್ಕಳು ಈ ವಿಮಾನವನ್ನು ಬೇಡಿದರೆ ಗದರಿಸಬೇಡಿರಿ. ಗಾಳಿಯ ಗತಿ, ತರಂಗದ ಗುಣ, ಊರಿನ ನಕ್ಷೆ ಇವೆಲ್ಲವನ್ನೂ ಒಂದೇ ಆಟದಲ್ಲಿ ಕಲಿಸುವ ಇಂತಹ ಉಪಾಧ್ಯಾಯ ಬೇರೊಂದು ಸಿಕ್ಕುವುದು ಕಷ್ಟ. ಆದರೆ ಕೆಲವು ಕಟ್ಟುಪಾಡುಗಳನ್ನು ಜೊತೆಗೇ ಕಲಿಸಿರಿ. ಹಾರಿಸುವ ಮುನ್ನ ಆಗಿನ ನಿಯಮವನ್ನೂ ನಕ್ಷೆಯನ್ನೂ ನೋಡಿಕೊಳ್ಳಲಿ. ಒಬ್ಬನೇ ಹೋಗದೆ ಕಾವಲು ಕಣ್ಣಿಗೆ ಒಬ್ಬ ಗೆಳೆಯನನ್ನು ಕರೆದುಕೊಳ್ಳಲಿ. ಹೊಲದವರನ್ನು ಕೇಳಲಿ, ಅಂಗಳ ಹಿತ್ತಲುಗಳ ಮೇಲೆಯೂ ಕೆಲಸಗಾರರ ತಲೆಯ ಮೇಲೆಯೂ ಸುಳಿಯದಿರಲಿ. ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯದ ಮೇಲಾಗಲಿ ಸಂರಕ್ಷಿತ ದೇವಾಲಯಗಳ ಮೇಲಾಗಲಿ ಸಂಬಂಧಪಟ್ಟ ಇಲಾಖೆಯ ಅಪ್ಪಣೆಯಿಲ್ಲದೆ ಏರಿಸದಿರಲಿ. ಕಣ್ಣು ಎಷ್ಟೇ ಮೇಲೇರಿದರೂ ಕೈ ಎಷ್ಟೇ ದೂರ ಚಾಚಿದರೂ ಲೆಕ್ಕ ಕೇಳುವವರು ಬರುವುದು ಕಾಲು ಊರಿದ ಜಾಗಕ್ಕೇ.